ಕ್ಲೌನ್ ಜೋಡಿ ಅನಿಮೋನ್ ಬಿಟ್ಟು ಲೆದರ್ ಮೇಲೆ ಮಲಗುತ್ತಿದೆ, ಏನು ಮಾಡೋದು?

ಹಾಸನ_ಉಪ್ಪುನೀರು
ತಲೆ ಕೆಟ್ಟು ಹೋಗಿದೆ. ಕ್ಲೌನ್ ಮೀನಿನ ಜೋಡಿಗೆ ಅಂತಲೇ ದುಡ್ಡು ಸುರಿದು, ಅವು ಮನೆ ಮಾಡಿಕೊಳ್ಳುವ ಹೂವಿನಂಥ ಕಡಲಪ್ರಾಣಿ ಅನಿಮೋನ್ ತರಿಸಿದೆ. ಅವು ಅದರ ಕಡೆ ತಿರುಗಿಯೂ ನೋಡುತ್ತಿಲ್ಲ. ಹೋಗಿ ಹೋಗಿ ಅಣಬೆ ಆಕಾರದ ಟೋಡ್‌ಸ್ಟೂಲ್ ಲೆದರ್ ಹವಳದ ಮೇಲೆ ಹೊರಳಾಡುತ್ತವೆ. ದೊಡ್ಡದಂತೂ ರಾತ್ರಿ ಅಲ್ಲೇ ಮಲಗುತ್ತದೆ. ಈಗ ಲೆದರ್ ಮುಚ್ಚಿಕೊಂಡು ಕೂತಿದೆ, ಒಂದು ಪಾಲಿಪ್ (ಹವಳದ ಪುಟ್ಟ ಹೂವಿನಂಥ ಜೀವಿ) ಕೂಡ ಹೊರಗೆ ಬಂದಿಲ್ಲ. ನೀರು ಎಲ್ಲಾ ಪರ್ಫೆಕ್ಟ್. ದಯವಿಟ್ಟು "ತಾಳ್ಮೆ ಇರಲಿ" ಅಂತ ಮಾತ್ರ ಹೇಳಬೇಡಿ.

ಗಿರಿ_ರೀಫ್ (ಚಿಕ್ಕಮಗಳೂರು)
ಪರ್ಫೆಕ್ಟ್ ಅಂದ್ರೆ ಎಷ್ಟು? ಸಂಖ್ಯೆ ಹಾಕಿ. ಸಾಲಿನಿಟಿ, ಅಂದ್ರೆ ನೀರಿನ ಉಪ್ಪಿನಂಶ, ಯಾವುದರಲ್ಲಿ ನೋಡಿದಿರಿ? ಪ್ಲಾಸ್ಟಿಕ್ ಹೈಡ್ರೋಮೀಟರ್ ಆದ್ರೆ ನಂಬಬೇಡಿ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದ್ರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ಹಾಸನ_ಉಪ್ಪುನೀರು
ರಿಫ್ರಾಕ್ಟೋಮೀಟರ್. 1.025. ಟೆಂಪರೇಚರ್ 25. ಅಮೋನಿಯ ಸೊನ್ನೆ, ನೈಟ್ರೇಟ್ 10.

ಗಿರಿ_ರೀಫ್
ಅದನ್ನು ಆರ್‌ಓ ನೀರಿನಲ್ಲಿ ಸೆಟ್ ಮಾಡಿದ್ರಾ, 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣದಲ್ಲಾ? ಆರ್‌ಓ ಆದ್ರೆ ನಿಮ್ಮ 1.025ಕ್ಕೆ ಅರ್ಥವೇ ಇಲ್ಲ. ಮೊದಲು ಅದು ಸರಿಮಾಡಿ, ಆಮೇಲೆ ಮಾತು.

ಮೂಡಿಗೆರೆ_ಮೀನು
ಸಾಲಿನಿಟಿ ಸ್ವಲ್ಪ ಬದಿಗಿಡಿ ಮಾರಾಯ್ರೇ. ಕ್ಲೌನ್ ಯಾವುದು, ಅನಿಮೋನ್ ಯಾವುದು, ಅದನ್ನೇ ಯಾರೂ ಕೇಳಿಲ್ಲವಲ್ಲ! ಕಡಲಲ್ಲಿ ಕ್ಲೌನ್ ಸೇರಿಸಿಕೊಳ್ಳುವ ಅನಿಮೋನ್ ಇರುವುದೇ ಸುಮಾರು 10 ಜಾತಿ. ಕ್ಲಾರ್ಕಿ ಜಾತಿಯ ಕ್ಲೌನ್ ಆದ್ರೆ ಹತ್ತರಲ್ಲಿ ಯಾವುದಕ್ಕೂ ನುಗ್ಗುತ್ತದೆ. ಒಸೆಲ್ಲಾರಿಸ್ ಹಾಗಲ್ಲ, ಕಡಲಲ್ಲಿ ಅದಕ್ಕೆ ಮೂರೇ ಮೂರು: ಮ್ಯಾಗ್ನಿಫಿಕಾ ಮತ್ತು ಎರಡು ಬಗೆ ಕಾರ್ಪೆಟ್ ಅನಿಮೋನ್.

ಹಾಸನ_ಉಪ್ಪುನೀರು
ಮಾಮೂಲಿ ಕಿತ್ತಳೆ-ಬಿಳಿ. ಅಂಗಡಿಯವರು ಪರ್ಕ್ಯುಲಾ ಅಂದ್ರು, ಟ್ಯಾಂಕ್‌ನಲ್ಲೇ ಹುಟ್ಟಿದ್ದಂತೆ. ಅನಿಮೋನ್ ಸೆಬೆ.

ಮೂಡಿಗೆರೆ_ಮೀನು
ಬೆನ್ನಿನ ಮುಂದಿನ ರೆಕ್ಕೆಯ ಮುಳ್ಳು ಎಣಿಸಿ. 11 ಇದ್ರೆ ಒಸೆಲ್ಲಾರಿಸ್, 10 ಇದ್ರೆ ಪರ್ಕ್ಯುಲಾ. ನಮ್ಮಲ್ಲಿ ಪರ್ಕ್ಯುಲಾ ಅಂತ ಮಾರುವುದು ಬಹುಪಾಲು ಒಸೆಲ್ಲಾರಿಸ್. ಅಂಗಡಿಯಲ್ಲಿ ಸೆಬೆ ಅನ್ನುವುದು ಸಾಮಾನ್ಯವಾಗಿ ಕ್ರಿಸ್ಪಾ ಜಾತಿಯ ಅನಿಮೋನ್. ಪರ್ಕ್ಯುಲಾ ಆದ್ರೆ ಕಡಲಲ್ಲೂ ಅದರೊಳಗೆ ಇರುತ್ತದೆ, ಒಸೆಲ್ಲಾರಿಸ್‌ಗೆ ಅದು ಸಹಜ ಮನೆ ಅಲ್ಲ. ಮೇಲಾಗಿ ಟ್ಯಾಂಕ್‌ನಲ್ಲಿ ಹುಟ್ಟಿದ ಮರಿ ಅನಿಮೋನ್ ಮುಖವನ್ನೇ ಕಂಡಿರುವುದಿಲ್ಲ. ಪವರ್‌ಹೆಡ್ (ನೀರು ತಳ್ಳುವ ಪಂಪ್) ಪಕ್ಕ, ಪಾಚಿ, ಲೆದರ್, ಮೆತ್ತಗೆ ಅಲ್ಲಾಡುವ ಯಾವುದಾದ್ರೂ ಸರಿ ಅದಕ್ಕೆ.

ಬೇಲೂರು_ಬ್ಲೂ
ಹ್ಯಾಮರ್ ಕೋರಲ್ ಒಂದು ತಂದು ಹಾಕಿ, ಲೆದರ್ ಬಿಟ್ಟು ಅದಕ್ಕೆ ಹೋಗುತ್ತವೆ.

ಮೂಡಿಗೆರೆ_ಮೀನು
ಹ್ಯಾಮರ್ ಗಟ್ಟಿ ಹವಳ. ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ. ಹುಲಿ ಇರುವ ಪಟ್ಟಿ ಅದು. ಇಲ್ಲಿ ಯಾರಿಗೂ ಸಲಹೆ ಕೊಡಬೇಡಿ.

ಬೇಲೂರು_ಬ್ಲೂ
ಎಲ್ಲರ ಮನೆಯಲ್ಲೂ ಇದೆ, ಸುಮ್ನೆ ಹೆದರಿಸಬೇಡಿ. ಹಾಗಾದ್ರೆ ಲೆದರ್ ಮಾತ್ರ ಹವಳ ಅಲ್ವಾ?

ಮೂಡಿಗೆರೆ_ಮೀನು
ಲೆದರ್ ಮೆತ್ತನೆಯದು, ಸ್ಕ್ಲೆರಾಕ್ಟಿನಿಯನ್ (ಗಟ್ಟಿ ಹವಳದ ಗುಂಪು) ಅಲ್ಲ. ಕಾಯ್ದೆ ಓದಿ ಬನ್ನಿ.

ಗಿರಿ_ರೀಫ್
ಇಬ್ಬರೂ ಜಗಳ ಬಿಡಿ. ನನ್ನ ಕ್ಲಾರ್ಕಿ ಜೋಡಿ ಬಬಲ್ ಟಿಪ್ ಅನಿಮೋನ್‌ಗೆ ಹಾಕಿದ ದಿನವೇ ಸೇರಿಕೊಂಡವು. ನಾಲ್ಕು ಅಡಿ ಟ್ಯಾಂಕ್, ಕೆಳಗೆ ಸಂಪ್, ಸ್ಕಿಮ್ಮರ್, ಎರಡು ಎಲ್‌ಇಡಿ. ನಮ್ಮೂರ ಚಳಿಗೆ ಚಿಲ್ಲರ್ ಖರ್ಚೇ ಇಲ್ಲ. ಕಾರಣ ಒಂದೇ, ಸಾಲಿನಿಟಿ ಪಕ್ಕಾ. ಬೇಕಾದ್ರೆ ವಿಡಿಯೋ ಹಾಕುತ್ತೇನೆ.

ಮೂಡಿಗೆರೆ_ಮೀನು
ಕ್ಲಾರ್ಕಿ ಪ್ಲಾಸ್ಟಿಕ್ ಹೂವಿಗೂ ಸೇರಿಕೊಳ್ಳುತ್ತದೆ ಬಿಡಿ. ಹಾಸನದವರೇ, ಅನಿಮೋನ್ ಫೋಟೋ ಹಾಕಿ. ಬಿಳಿ ಲೈಟ್‌ನಲ್ಲಿ ತೆಗೀರಿ, ನೀಲಿಯಲ್ಲಿ ಬೇಡ.

ಹಾಸನ_ಉಪ್ಪುನೀರು
ಹಾಕಿದ್ದೇನೆ ನೋಡಿ. ಹಾಲಿನ ಬಿಳಿ, ತುದಿ ಮಾತ್ರ ನೇರಳೆ. ಈ ಬಣ್ಣಕ್ಕೇ ಜಾಸ್ತಿ ರೇಟು ಹೇಳಿದ್ರು.

ಮೂಡಿಗೆರೆ_ಮೀನು
ಸಿಕ್ಕಿತು ನೋಡಿ. ಅದು ಬಣ್ಣ ಅಲ್ಲ, ಬ್ಲೀಚ್ ಆಗಿದೆ. ಆರೋಗ್ಯವಾಗಿರುವ ಸೆಬೆ ಕಂದು, ಕಾಫಿ ಡಿಕಾಕ್ಷನ್‌ಗೆ ಹಾಲು ಬೆರೆಸಿದ ಹಾಗಿರುತ್ತದೆ. ಆ ಕಂದು ಬರುವುದು ಒಳಗಿರುವ ಪಾಚಿಕಣಗಳಿಂದ. ಬೆಳಕಿನಿಂದ ಅದಕ್ಕೆ ಊಟ ಮಾಡಿಕೊಡುವುದು ಅವೇ. ಅವು ಹೋದ್ರೆ ಅನಿಮೋನ್ ಉಪವಾಸ. ಕ್ಲೌನ್ ಈಗ ಸೇರಿಕೊಂಡಿದ್ರೆ ಉಜ್ಜಿ ಉಜ್ಜಿ ಇನ್ನೂ ಕಷ್ಟ ಆಗುತ್ತಿತ್ತು. ದೂರ ಇರುವುದೇ ಒಳ್ಳೆಯದು.

ಬಾಯಿ ಬಿಗಿಯಾಗಿದೆಯಾ, ಬಿಚ್ಚಿಕೊಂಡಿದೆಯಾ? ಪಾದ ಮರಳಿನ ಕೆಳಗೆ ಗಟ್ಟಿ ಹಿಡಿದಿದೆಯಾ? ಇವೆರಡೂ ಸರಿ ಇದ್ರೆ ಉಳಿಯುತ್ತದೆ. ಸೀಗಡಿಯನ್ನು ಅಕ್ಕಿಕಾಳಿನಷ್ಟು ಚಿಕ್ಕದಾಗಿ ಕತ್ತರಿಸಿ, ಎರಡು ಮೂರು ದಿನಕ್ಕೊಮ್ಮೆ ಟೆಂಟಕಲ್ ಮೇಲೆ ಇಡಿ. ದೊಡ್ಡ ತುಂಡು ಕೊಟ್ರೆ ವಾಪಸ್ ಉಗುಳುತ್ತದೆ. ಲೈಟ್ ಒಮ್ಮೆಲೇ ಏರಿಸಬೇಡಿ.

ಗಿರಿ_ರೀಫ್
ಬ್ಲೀಚ್ ಯಾಕಾಯ್ತು? ಸಾಲಿನಿಟಿ. ನಾನು ಮೊದಲೇ ಹೇಳಿದೆ.

ಮೂಡಿಗೆರೆ_ಮೀನು
ಬರುವಾಗಲೇ ಬೆಳ್ಳಗಿತ್ತಲ್ಲ ಗುರುವೇ. ಅವರ ಟ್ಯಾಂಕ್ ಏನು ಮಾಡಿತು?

ಸಕಲೇಶಪುರ_ಸಂಪ್
ಲೆದರ್ ವಿಷಯ ಎಲ್ಲರೂ ಮರೆತಿರಾ? ಮುಚ್ಚಿಕೊಂಡಿದ್ದಕ್ಕೆ ಕ್ಲೌನ್ ಕಾರಣ ಇರಲೇಬೇಕು ಅಂತಿಲ್ಲ. ಟೋಡ್‌ಸ್ಟೂಲ್ ಆಗಾಗ ಪೊರೆ ಬಿಡುತ್ತದೆ. ಪಕ್ಕದಿಂದ ಬಗ್ಗಿ ನೋಡಿ, ಟೊಪ್ಪಿ ಮೇಲೆ ಮೇಣ ಹಚ್ಚಿದ ಹಾಗೆ ಹೊಳಪು, ಅಂಚಿನಲ್ಲಿ ತೆಳು ಹಾಳೆ ಏಳುತ್ತಿದ್ರೆ ಅದೇ. ಪವರ್‌ಹೆಡ್ ಸ್ವಲ್ಪ ಆ ಕಡೆ ತಿರುಗಿಸಿ, ನೀರೇ ಎಳೆದುಕೊಂಡು ಹೋಗುತ್ತದೆ. ಹೊಳಪು ಇಲ್ಲದಿದ್ರೆ ಕ್ಲೌನ್ ಎರಡನ್ನೂ ಕೆಲವು ದಿನ ಬ್ರೀಡರ್ ಬಾಕ್ಸ್‌ಗೆ (ಟ್ಯಾಂಕ್ ಒಳಗೆ ಮೀನು ಬೇರೆ ಇಡುವ ಪೆಟ್ಟಿಗೆ) ಹಾಕಿ. ಪಾಲಿಪ್ ಬಂದ್ರೆ ಕಳ್ಳರು ಯಾರು ಅಂತ ಗೊತ್ತಾಯ್ತಲ್ಲ. ಮತ್ತೆ, ಲೆದರ್ ನೀರಿಗೆ ರಾಸಾಯನಿಕ ಬಿಡುತ್ತದೆ, ಸೊರಗಿದ ಅನಿಮೋನ್‌ಗೆ ಅದು ಆಗುವುದಿಲ್ಲ. ಆಕ್ಟಿವೇಟೆಡ್ ಕಾರ್ಬನ್ ಓಡಿಸುತ್ತಿದ್ದೀರಾ?

ಹಾಸನ_ಉಪ್ಪುನೀರು
ಕಾರ್ಬನ್ ಇಲ್ಲ, ಇವತ್ತೇ ಹಾಕುತ್ತೇನೆ. ಹೊಳಪು ಇದೆ, ಒಂದು ಬದಿ ಹಾಳೆ ಎದ್ದಿದೆ. ಅನಿಮೋನ್ ಬಾಯಿ ಬಿಗಿ ಇದೆ. ಸೀಗಡಿ ಕೊಟ್ಟೆ, ಸಣ್ಣ ಕ್ಲೌನ್ ಬಂದು ಕದ್ದುಕೊಂಡು ಹೋಯಿತು.

ಸಕಲೇಶಪುರ_ಸಂಪ್
ಮೊದಲು ಕ್ಲೌನ್‌ಗೆ ಹೊಟ್ಟೆ ತುಂಬ ಹಾಕಿ. ಆಮೇಲೆ ಪ್ಲಾಸ್ಟಿಕ್ ಬಾಟಲಿಯ ಬುಡ ಕತ್ತರಿಸಿ ಅನಿಮೋನ್ ಮೇಲೆ ಮುಚ್ಚಿ, ಮುಚ್ಚಳದ ಬಾಯಿಂದ ಸೀಗಡಿ ಇಳಿಸಿ. ಒಳಗೆ ಎಳೆದುಕೊಂಡ ಮೇಲೆ ತೆಗೀರಿ.

ಬೇಲೂರು_ಬ್ಲೂ
ಮಧ್ಯೆ ಒಂದು ಪ್ರಶ್ನೆ. ಮಳೆ ಶುರುವಾದ್ರೆ ನಮ್ಮ ಕಡೆ ಕರೆಂಟ್ ಇಡೀ ರಾತ್ರಿ ಇರುವುದಿಲ್ಲ. ಮನೆ ಇನ್ವರ್ಟರ್‌ಗೆ ಏನೇನು ಹಾಕಿದ್ದೀರಿ?

ಸಕಲೇಶಪುರ_ಸಂಪ್
ಒಂದು ಪವರ್‌ಹೆಡ್ ಮಾತ್ರ, ಮೇಲ್ಮೈ ಅಲ್ಲಾಡುವ ಹಾಗೆ ಇಟ್ಟು. ಮೊದಲು ಕೈಕೊಡುವುದು ಆಮ್ಲಜನಕ, ಲೈಟ್ ಒಂದು ದಿನ ಇಲ್ಲದಿದ್ರೂ ನಡೆಯುತ್ತದೆ. ಹೀಟರ್ ಹಾಕಿದ್ರೆ ಬ್ಯಾಟರಿ ಬೇಗ ಖಾಲಿ. ಚಳಿ ಜಾಸ್ತಿ ಇದ್ರೆ ಟ್ಯಾಂಕ್‌ಗೆ ಸುತ್ತ ಕಂಬಳಿ ಸುತ್ತಿ, ಮೇಲ್ಭಾಗ ತೆರೆದಿಡಿ.

ಬೇಲೂರು_ಬ್ಲೂ
150 ಆಂಪ್ ಅವರ್ ಬ್ಯಾಟರಿ ಇದೆ, ಫ್ರಿಜ್ ಕೂಡ ಅದರಲ್ಲೇ. ಬೇರೆ ಥ್ರೆಡ್ ಶುರು ಮಾಡುತ್ತೇನೆ, ಅಲ್ಲಿ ಬನ್ನಿ.