ಥೈರೋಪ್ಲಾಸ್ಟಿಯಾಗಿ ಮೂರು ವರ್ಷದ ಮೇಲೆ ಮತ್ತೆ ದನಿ ಒಡೆಯುತ್ತಿದೆ

ತೋಟದಮನೆ (ತೀರ್ಥಹಳ್ಳಿ):
ಥೈರಾಯ್ಡ್ ಗಡ್ಡೆ ತೆಗೆಸಿದ ಮೇಲೆ ನನ್ನ ಎಡಗಡೆಯ ಧ್ವನಿತಂತು ಸೋತುಹೋಗಿತ್ತು. ವರ್ಷ ಕಾದು ಥೈರೋಪ್ಲಾಸ್ಟಿ ಎಂಬ ದನಿಯ ಶಸ್ತ್ರಚಿಕಿತ್ಸೆ ಮಾಡಿಸಿದೆ, ಸೋತ ತಂತುವನ್ನು ನಡುವಿಗೆ ಒತ್ತಿ ಹಿಡಿಯಲು ಸಿಲಿಕೋನ್ ತುಂಡು ಇಟ್ಟರು. ಆಮೇಲೆ ಅಂಗಳದಲ್ಲಿ ನಿಂತು ಕರೆದರೂ ಮರದ ತುದಿಯಲ್ಲಿದ್ದ ಕೊನೆಗಾರನಿಗೆ ಕೇಳುತ್ತಿತ್ತು. ಈ ಕೊಯ್ಲಿನಲ್ಲಿ ಮೂರು ಸಲ ಕೂಗಿದರೂ ಅವನು ಕೆಳಗೆ ನೋಡಲಿಲ್ಲ. ಎರಡು ತಿಂಗಳಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ, ನೀರು ಕುಡಿದರೆ ಕೆಮ್ಮು. ಸುಲಿದ ಅಡಿಕೆಯ ದೂಳು ಎನ್ನುತ್ತಾರೆ ಮನೆಯವರು. ಅತ್ತೆಯ ಜೇಷ್ಠಮಧು ಕಷಾಯ ಒಂದು ಮಡಕೆ ಮುಗಿಯಿತು.

ಹಳೇರೋಗಿ (ಸಾಗರ):
ಅಕ್ಕಾ, ಕಷಾಯ ಕುಡಿಯಿರಿ, ಬೇಡವೆನ್ನುವುದಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ. ಇಟ್ಟ ತುಂಡು ವರ್ಷಗಳ ಮೇಲೂ ಜರುಗಬಹುದು, ಅಪರೂಪಕ್ಕೆ ಒಳಪೊರೆ ಸವೆಸಿ ಗಂಟಲೊಳಗೆ ಇಣುಕಬಹುದು. ತುಂಡು ಸರಿಯಾಗಿದ್ದರೂ ನರದ ಆಸರೆ ತಪ್ಪಿದ ಸ್ನಾಯು ಸೊರಗಿ ಎರಡು ತಂತುಗಳ ನಡುವೆ ಮತ್ತೆ ಸಂದು ಬೀಳುವುದುಂಟು. ಹೊರಗಿನಿಂದ ಯಾವುದೆಂದು ಹೇಳಲು ಬಾರದು. ಕಿವಿ-ಮೂಗು-ಗಂಟಲಿನ ವೈದ್ಯರು ಕ್ಯಾಮೆರಾ ಇಳಿಸಿ ನೋಡಲೇಬೇಕು. ಹಿಂದೆ, 1962ರ ನಂತರ, ಸೋತ ತಂತುವಿಗೆ ಟೆಫ್ಲಾನ್ ಪೇಸ್ಟ್ ಚುಚ್ಚುತ್ತಿದ್ದರು. ಅದು ಎಷ್ಟೋ ವರ್ಷದ ಮೇಲೆ ಗಂಟು ಕಟ್ಟುತ್ತಿದ್ದುದರಿಂದಲೇ ಕೈಬಿಟ್ಟರು. ನಿಮ್ಮದು 1974ರಲ್ಲಿ ಜಪಾನಿನ ವೈದ್ಯ ಇಸ್ಶಿಕಿ ರೂಪಿಸಿದ ಕ್ರಮ. ತುಂಡು ತೊಂದರೆ ಕೊಟ್ಟರೆ ತೆಗೆಯಬಹುದು.

ಒಂದು ಪ್ರಶ್ನೆ: ಉಸಿರು ಒಳಗೆಳೆಯುವಾಗ ಸೀಟಿಯಂಥ ಸದ್ದು ಬರುತ್ತದೆಯೇ? ಬಂದರೆ ನಾಳೆಯ ಬಸ್ಸಿಗೆ ಕಾಯಬೇಡಿ, ಈಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ.

ತೋಟದಮನೆ:
ಸೀಟಿ ಇಲ್ಲ, ದಮ್ಮೂ ಇಲ್ಲ.

ಹಳೇರೋಗಿ:
ಸದ್ಯ. ಹಾಗಾದರೆ ಈ ವಾರವೇ ಹೋಗಿ. ಹಳೆಯ ಡಿಸ್ಚಾರ್ಜ್ ಕಾಗದ ಒಯ್ಯಿರಿ, ಯಾವ ತುಂಡು ಇಟ್ಟರೆಂಬುದು ಅದರಲ್ಲೇ ಇರುತ್ತದೆ. ಮುಂದೆ ಹರ್ನಿಯಾಕ್ಕೋ ಮತ್ತೊಂದಕ್ಕೋ ಅರಿವಳಿಕೆ ಕೊಡುವುದಾದರೂ ಈ ವಿಷಯ ಮೊದಲೇ ಹೇಳಿ. ದಾರಿ ಕಿರಿದಾದ ಗಂಟಲಿಗೆ ಸಣ್ಣ ಕೊಳವೆ ಬೇಕಾಗಬಹುದು.

ತೋಟದಮನೆ (ಹತ್ತು ದಿನದ ನಂತರ):
ಆಗುಂಬೆ ಘಾಟಿ ಇಳಿದು ತೋರಿಸಿ ಬಂದೆ. ಪರದೆಯ ಮೇಲೆ ನಾನೂ ನೋಡಿದೆ: ಎಡ ತಂತಿನ ಮೇಲೆ ಕೆಂಪಗೆ ಹುಣ್ಣಿನಂಥ ಮಾಂಸ, ನಡುವೆ ಬಿಳಿಯ ಅಂಚು, ಉಗುರಿನ ಚೂರಿನಂತೆ. ಅದೇ ತುಂಡಂತೆ. ಮುಂದಿನ ಮಂಗಳವಾರ ತೆಗೆಯುತ್ತಾರೆ. ಗಾಯ ಮಾಗಿದ ಮೇಲೆ ದನಿಯ ಮಾತು. ಕಾಗದ ಪಹಣಿಯ ಕಟ್ಟಿನಲ್ಲಿ ಸಿಕ್ಕಿತು. ಅತ್ತೆಗೆ ಇನ್ನೂ ಹೇಳಿಲ್ಲ, ಒಲೆಯ ಮೇಲೆ ಕಷಾಯ ಕುದಿಯುತ್ತಲೇ ಇದೆ.