ಸಹಾಯ ಬೇಕು: ಮೂರು ರಿಜಿಸ್ಟರ್ ಇಟ್ಟರೆ ಟೂಲ್ ಒಂದನ್ನೇ ಉಳಿಸಿತು

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಪುಟ್ಟ ಉಪಗ್ರಹಕ್ಕೆ ಎಫ್‌ಪಿಜಿಎಯಲ್ಲಿ (ಒಳಗಿನ ಸರ್ಕ್ಯೂಟನ್ನು ನಾವೇ ಬೇಕಾದ ಹಾಗೆ ರೂಪಿಸಬಹುದಾದ ಚಿಪ್) ಕಂಟ್ರೋಲರ್ ಮಾಡುತ್ತಿದ್ದೇನೆ. ಅಲ್ಲಿ ಮೇಲೆ ವಿಕಿರಣದ ಒಂದು ಕಣ ಬಡಿದರೂ ಒಂದು ಬಿಟ್ ಹಿಡಿದಿಡುವ ಫ್ಲಿಪ್‌ಫ್ಲಾಪ್‌ನಲ್ಲಿರುವ 0 ಹೋಗಿ 1 ಆಗಬಹುದು. ಅದಕ್ಕೇ ಪ್ರತಿ ರಿಜಿಸ್ಟರನ್ನೂ (ಇಂಥ ಫ್ಲಿಪ್‌ಫ್ಲಾಪ್‌ಗಳ ಗುಂಪು) ಮೂರು ಮಾಡಿ, ಎರಡು ಹೇಳಿದ್ದೇ ಸರಿ ಅನ್ನುವ ಹಾಗೆ ವೋಟರ್ ಹಾಕಿದೆ. ಸಿಂಥೆಸಿಸ್ (ಬರೆದ ಕೋಡನ್ನು ಟೂಲ್ ಸರ್ಕ್ಯೂಟ್ ಆಗಿ ಬದಲಿಸುವ ಹಂತ) ಆದ ಮೇಲೆ ನೋಡಿದರೆ ಒಂದೇ ಉಳಿದಿದೆ! ಮೂರೂ ಒಂದೇ ಥರ ಇವೆ, ಸುಮ್ನೆ ಯಾಕೆ ಅಂತ ಟೂಲ್ ಎರಡನ್ನು ತೆಗೆದುಬಿಟ್ಟಿತ್ತು. ಇವನ್ನು ಮುಟ್ಟಬೇಡ ಅಂತ ಟೂಲ್‌ಗೆ ಹೇಳುವ 'ಡೋಂಟ್ ಟಚ್' ಹಾಕಿದ ಮೇಲೆ ಉಳಿದವು.

ಈಗ ಚಿಂತೆ ವೋಟರ್‌ನದು. ಇರುವುದೇ ಒಂದು, ಅದೇ ತಪ್ಪಿದರೆ? ಅದನ್ನೂ ಮೂರು ಮಾಡಿ, ಉತ್ತರವನ್ನು ಸ್ಟೇಟ್ ಮಷೀನ್‌ಗೆ (ಈಗಿನ ಸ್ಥಿತಿ ನೋಡಿ ಮುಂದಿನ ಹೆಜ್ಜೆ ತೀರ್ಮಾನಿಸುವ ಭಾಗ) ವಾಪಸ್ ಕೊಡಬೇಕಾ? ಕೊಡದಿದ್ದರೆ ಕೆಟ್ಟ ಕಾಪಿ ಕೆಟ್ಟೇ ಇರುತ್ತದೆ, ಇನ್ನೊಂದೂ ಕೆಟ್ಟರೆ ಮುಗಿಯಿತು, ಅಲ್ವಾ? ಹಾಗೆಯೇ, ಚಿಪ್‌ನ ಸರ್ಕ್ಯೂಟ್ ಹೇಗಿರಬೇಕು ಅನ್ನುವುದನ್ನು ಇಟ್ಟುಕೊಳ್ಳುವ ಕಾನ್ಫಿಗರೇಶನ್ ಮೆಮೊರಿಯನ್ನು ಆಗಾಗ ಸ್ಕ್ರಬ್ ಮಾಡಿಸಿದ (ಕೆಟ್ಟ ಬಿಟ್‌ಗಳನ್ನು ಸರಿಪಡಿಸಿದ) ಅನುಭವ ಇದ್ದವರು ದಯವಿಟ್ಟು ತಿಳಿಸಿ.