ಹಳೆಯ ಆಕ್ಟೇವಿಯಾ ಆರ್‌ಎಸ್: ಮನೆಯಂಗಳದಲ್ಲಿ ಏನು ಮಾಡಬಹುದು, ಯಾವುದು ಮೊದಲು?

ಪ್ರಶ್ನೆ (ದಾವಣಗೆರೆ, ವಿದ್ಯಾನಗರ)

2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕೊಂಡಿದ್ದೇನೆ. 1.8 ಲೀಟರ್ ಟರ್ಬೊ ಪೆಟ್ರೋಲ್, ಕೆಎ-17 ನೋಂದಣಿ. ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆ ಹೊರಟು ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಎಳೆತ ತಟ್ಟನೆ ನಿಂತುಹೋಗುತ್ತದೆ, ಎಂಜಿನ್ ದೀಪ ಹತ್ತಿಕೊಳ್ಳುತ್ತದೆ. ಬ್ರೇಕ್ ಪೆಡಲ್ ಕೂಡ ಮೆತ್ತಗಿದೆ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಿ, ಸ್ಪ್ರಿಂಗ್ ಇಳಿಸಿ, ದೊಡ್ಡ ಅಲಾಯ್ ಚಕ್ರ ಹಾಕಬೇಕೆಂಬ ಆಸೆಯಿದೆ. ಮನೆ ಮುಂದೆ ಸಿಮೆಂಟ್ ಅಂಗಳ, ಒಂದು ಸ್ಪ್ಯಾನರ್ ಸೆಟ್, ಭಾನುವಾರದ ಬಿಡುವು ಇವೆ. ಅನುಭವ ಇರುವವರು ಹೇಳಿ, ಎಲ್ಲಿಂದ ಶುರು ಮಾಡಲಿ?

ಉತ್ತರ (ಚಿತ್ರದುರ್ಗ)

ಇದೇ ಗಾಡಿಯನ್ನು ವರ್ಷಗಳಿಂದ ಸಾಕಿಕೊಂಡು ಬಂದಿದ್ದೇನೆ. ರೀಮ್ಯಾಪ್ ಮಾತನ್ನು ಸದ್ಯಕ್ಕೆ ಬಿಡಿ. ಈ ಎಂಜಿನ್ನಿನ 150 ಅಶ್ವಶಕ್ತಿಯೂ ನಿಮಿಷಕ್ಕೆ 1,750 ಸುತ್ತಿನಲ್ಲೇ ಸಿಗುವ 210 ನ್ಯೂಟನ್ ಮೀಟರ್ ಎಳೆತವೂ ಟರ್ಬೊ ತುಂಬುವ ಗಾಳಿಯ ಬಲದಿಂದ ಬಂದವು. ಇಷ್ಟು ಹಳೆಯ ಗಾಡಿಯಲ್ಲಿ ಆ ಗಾಳಿ ಹಾಯುವ ರಬ್ಬರ್ ಕೊಳವೆಗಳು ಗಟ್ಟಿಯಾಗಿರುವುದು ಅಪರೂಪ. ಸೋರುವ ಕೊಳವೆಗೆ ರೀಮ್ಯಾಪ್ ಮಾಡಿಸಿದರೆ ಇನ್ನಷ್ಟು ಒತ್ತಡ ಕೊಟ್ಟು ಅದನ್ನು ಸೀಳಿದಂತಾಗುತ್ತದೆ.

ಮೊದಲು ಓಬಿಡಿ ಕೇಬಲ್ (ಗಾಡಿಯ ಕಂಪ್ಯೂಟರಿಗೆ ಜೋಡಿಸುವ ತಂತಿ) ಹಾಕಿ ದೋಷದ ಸಂಖ್ಯೆ ಓದಿ. ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಗಳಿಗೆ ಆಗಿ ಬರುವ ವಿಸಿಡಿಎಸ್ ತಂತ್ರಾಂಶ ಇದ್ದರೆ ಒಳ್ಳೆಯದು. ನೀವು ಹೇಳಿದ ಲಕ್ಷಣಕ್ಕೆ ಸಾಮಾನ್ಯವಾಗಿ 17705 ಬರುತ್ತದೆ. ಟರ್ಬೊಗೂ ಥ್ರಾಟಲ್‌ಗೂ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ನಡುವೆ ಒತ್ತಡ ಬಿದ್ದುಹೋಗಿದೆ ಎಂದು ಅದರ ಅರ್ಥ. ಆಗ ಟರ್ಬೊದಿಂದ ಗಾಳಿ ತಂಪುಮಾಡುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಥ್ರಾಟಲ್‌ಗೆ ಹೋಗುವ ಒಂದೊಂದು ಕೊಳವೆಯನ್ನೂ ಕೈಯಿಂದ ತಿರುವಿ ನೋಡಿ. ಬಿರುಕು ಮೇಲಿನಿಂದ ಕಾಣುವುದಿಲ್ಲ, ತಳಭಾಗದಲ್ಲಿ, ಕ್ಲ್ಯಾಂಪಿನ ಅಂಚಿನಲ್ಲಿ ಇರುತ್ತದೆ. ಹೊರಗೆ ಎಣ್ಣೆಯ ಪಸೆ ಇದ್ದ ಜಾಗವನ್ನು ಸಂಶಯದಿಂದಲೇ ನೋಡಬೇಕು.

ಆಮೇಲೆ ಡೈವರ್ಟರ್ ವಾಲ್ವ್, ಅಂದರೆ ಥ್ರಾಟಲ್ ಮುಚ್ಚಿದಾಗ ಹೆಚ್ಚುವರಿ ಗಾಳಿಯನ್ನು ವಾಪಸ್ಸು ಕಳಿಸುವ ಕವಾಟ. ಎರಡು ಕ್ಲ್ಯಾಂಪ್ ಸಡಿಲಿಸಿ ಸಣ್ಣ ನಿರ್ವಾತ ಕೊಳವೆ ಎಳೆದರೆ ಕೈಗೆ ಬರುತ್ತದೆ. ಒಳಗಿನ ಪಿಸ್ಟನ್ನನ್ನು ಬೆರಳಿನಿಂದ ಒತ್ತಿ ಹಿಡಿದು, ಮೇಲಿನ ಸಣ್ಣ ತೂತನ್ನು ಇನ್ನೊಂದು ಬೆರಳಿನಿಂದ ಮುಚ್ಚಿ, ಪಿಸ್ಟನ್ ಬಿಡಿ. ಅದು ಒಳಗೇ ನಿಂತರೆ ವಾಲ್ವಿನ ರಬ್ಬರ್ ಪೊರೆ ಸರಿಯಿದೆ. ತಕ್ಷಣ ವಾಪಸ್ಸು ಚಿಮ್ಮಿದರೆ ಪೊರೆ ಹರಿದಿದೆ, ಹೊಸದು ತರಿಸಿ.

ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಭಾಗ) ಕೆಳಗಿರುವ ಎಂಜಿನ್ ಉಸಿರಾಟದ ಕೊಳವೆಗಳನ್ನು ಯಾರೂ ನೋಡುವುದೇ ಇಲ್ಲ. ಶಾಖಕ್ಕೂ ಎಣ್ಣೆ ಆವಿಗೂ ಸಿಕ್ಕಿ ಅವು ನೆನೆಸಿದ ರೊಟ್ಟಿಯ ಹಾಗೆ ಮೆತ್ತಗಾಗಿ ಕೈಯಲ್ಲೇ ಹರಿಯುತ್ತವೆ. ಕೈ ಹಾಕುವುದು ಕಷ್ಟ, ಮಣಿಗಂಟು ತರಚುತ್ತದೆ. ಆದರೂ ಬಿಡಬೇಡಿ. ಐಡಲ್‌ನಲ್ಲಿ ಎಂಜಿನ್ ನಡುಗುವುದು ಎಷ್ಟೋ ಸಲ ಇಲ್ಲಿಂದಲೇ.

ಎಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ಕಥೆ ಬೇರೆ. ಒಂದು ಸಿಲಿಂಡರ್ ಉರಿಯುತ್ತಿಲ್ಲ ಎಂದರ್ಥ. ಹಾಗೆಯೇ ಓಡಿಸಿದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ನಾಲ್ಕು ಸಿಲಿಂಡರಿಗೂ ಕಿಡಿಗೆ ವಿದ್ಯುತ್ ಕೊಡುವ ಪ್ರತ್ಯೇಕ ಇಗ್ನಿಷನ್ ಕಾಯಿಲ್ ಇವೆ. ದೋಷ ತೋರಿಸಿದ ಸಿಲಿಂಡರಿನ ಕಾಯಿಲನ್ನು ಪಕ್ಕದ್ದಕ್ಕೆ ಬದಲಿಸಿ ಮತ್ತೆ ಓದಿ. ದೋಷವೂ ಜೊತೆಗೇ ಸರಿದರೆ ಕಾಯಿಲ್ ಹೋಗಿದೆ.

ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನೂ ಪಿಸ್ಟನ್ನುಗಳನ್ನೂ ಒಂದೇ ಲಯದಲ್ಲಿಡುವ ಪಟ್ಟಿ) ಯಾವಾಗ ಬದಲಾಗಿದೆ ಎಂಬ ಬಿಲ್ ಹಳೆಯ ಮಾಲೀಕರು ಕೊಟ್ಟಿದ್ದಾರೆಯೇ? ಇಲ್ಲವಾದರೆ ಅದು ಬದಲಾಗಿಲ್ಲ ಎಂದೇ ತಿಳಿಯಿರಿ. ಬೆಲ್ಟ್ ಹರಿದರೆ ಇಪ್ಪತ್ತು ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಆಮೇಲೆ ರಿಪೇರಿ ಖರ್ಚು ಗಾಡಿಯ ಬೆಲೆಯನ್ನೇ ಮೀರಬಹುದು. ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಹಾಗಾಗಿ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಪಂಪ್ ಮೂರನ್ನೂ ಒಟ್ಟಿಗೆ ಬದಲಿಸಿ. ಹಳೆಯ ಪಂಪಿನ ಪ್ಲಾಸ್ಟಿಕ್ ರೆಕ್ಕೆ ಒಡೆಯುವುದುಂಟು, ಲೋಹದ ರೆಕ್ಕೆಯದನ್ನೇ ಕೇಳಿ ತರಿಸಿ. ಈ ಒಂದು ಕೆಲಸವನ್ನು ಅಂಗಳದಲ್ಲಿ ಮಾಡಬೇಡಿ. ಈ ಎಂಜಿನ್ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್‌ಗೆ ಕೊಟ್ಟು, ನೀವು ಪಕ್ಕದಲ್ಲಿ ನಿಂತು ನೋಡಿ.

ಎಣ್ಣೆ ಕೆಂಪು ದೀಪ ಒಂದು ಕ್ಷಣ ಹತ್ತಿದರೂ ಅಲ್ಲೇ ಎಂಜಿನ್ ಆರಿಸಿ. ತಳದ ಜಾಲರಿಯಲ್ಲಿ ಕಪ್ಪು ಗಸಿ ಕಟ್ಟಿ ಎಣ್ಣೆ ಮೇಲೇರದಿರುವುದು ಈ ಎಂಜಿನ್ನಿನ ಹಳೆಯ ರೋಗ. ವಿಡಬ್ಲ್ಯು 502.00 ಮಾನದಂಡದ ಸಿಂಥೆಟಿಕ್ ಎಣ್ಣೆಯನ್ನೇ ಹಾಕಿ, ನಮ್ಮ ದೂಳಿಗೂ ಬಿಸಿಲಿಗೂ ತಕ್ಕಂತೆ ಬೇಗ ಬೇಗ ಬದಲಿಸಿ.

ಉತ್ತರ (ದಾವಣಗೆರೆ, ಪಿ.ಜೆ. ಬಡಾವಣೆ)

ಚಿತ್ರದುರ್ಗದವರು ಹೇಳಿದ್ದೆಲ್ಲ ಸರಿ, ಅನುಕ್ರಮ ಮಾತ್ರ ನಾನು ಒಪ್ಪುವುದಿಲ್ಲ. ಪೆಡಲ್ ಮೆತ್ತಗಿದೆ ಎಂದಿದ್ದೀರಿ. ಎಳೆತ ಸತ್ತರೆ ಗಾಡಿ ನಿಧಾನ ಹೋಗುತ್ತದೆ ಅಷ್ಟೇ, ಬ್ರೇಕ್ ಸತ್ತರೆ ಎದುರಿನ ಲಾರಿಗೆ ಹೋಗಿ ನಿಲ್ಲುತ್ತದೆ. ಈ ಭಾನುವಾರ ಟರ್ಬೊ ಮುಟ್ಟಬೇಡಿ, ಬ್ರೇಕ್ ಬಿಚ್ಚಿ.

ಜಾಕಿಯ ಮೇಲಷ್ಟೇ ನಿಲ್ಲಿಸಿದ ಗಾಡಿಯ ಕೆಳಗೆ ತಲೆ ಹಾಕಬಾರದು. ಎರಡು ಗಟ್ಟಿ ಸ್ಟ್ಯಾಂಡ್ ಕೊಳ್ಳಿ, ನೆಲದ ಮೇಲಿರುವ ಚಕ್ರಕ್ಕೆ ಕಲ್ಲು ಕೊಡಿ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ, ತೇವ ಸೇರಿದರೆ ಕುದಿಯುವ ಬಿಂದು ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಡಾಟ್ 4 ದರ್ಜೆಯ ದ್ರವ ಸಾಕು. ಹಳೆಯ ದ್ರವ ಹೊರಬಿಡುವಾಗ ಮಾಸ್ಟರ್ ಸಿಲಿಂಡರಿಗೆ (ಪೆಡಲಿನ ಒತ್ತಡವನ್ನು ದ್ರವಕ್ಕೆ ಕೊಡುವ ಭಾಗ) ಅತಿ ದೂರದ ಚಕ್ರದಿಂದ ಶುರು ಮಾಡಿ, ನಮ್ಮ ಬಲಬದಿ ಸ್ಟಿಯರಿಂಗ್ ಗಾಡಿಯಲ್ಲಿ ಅದು ಹಿಂದಿನ ಎಡಚಕ್ರ. ಪೆಡಲ್ ತುಳಿಯಲು ಮನೆಯವರೊಬ್ಬರು ಬೇಕು. ಮೇಲಿನ ದ್ರವದ ಡಬ್ಬಿ ಬರಿದಾಗಲು ಬಿಡಬೇಡಿ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಒಳಗೆ ಗಾಳಿ ಹೊಕ್ಕರೆ ಅದನ್ನು ಹೊರಗೆ ತೆಗೆಯಲು ಸ್ಕ್ಯಾನರ್ ಇರುವವರ ಹತ್ತಿರ ಹೋಗಬೇಕಾಗುತ್ತದೆ. ದ್ರವ ಬದಲಿಸಿದ ಮೇಲೂ ಪೆಡಲ್ ಮೆತ್ತಗಿದ್ದರೆ ಚಕ್ರದ ಹತ್ತಿರದ ರಬ್ಬರ್ ಹೋಸುಗಳು ಉಬ್ಬುತ್ತಿವೆಯೇ ನೋಡಿ.

ಹಿಂದಿನ ಪ್ಯಾಡ್ ಹಾಕುವಾಗ ಒಂದು ವಿಷಯ. ಹ್ಯಾಂಡ್‌ಬ್ರೇಕ್ ಅದೇ ಕ್ಯಾಲಿಪರ್ ಒಳಗಿರುವುದರಿಂದ ಪಿಸ್ಟನ್ನನ್ನು ಸುಮ್ಮನೆ ಒತ್ತಿದರೆ ಹೋಗುವುದಿಲ್ಲ, ತಿರುಗಿಸುತ್ತ ಒತ್ತಬೇಕು. ಅದಕ್ಕೆಂದೇ ಒಂದು ಸಣ್ಣ ಸಾಧನ ಸಿಗುತ್ತದೆ. ಸಿ-ಕ್ಲ್ಯಾಂಪ್ ಹಾಕಿ ಬಲವಂತ ಮಾಡಿದರೆ ಕ್ಯಾಲಿಪರ್ ಹಾಳಾಗುತ್ತದೆ. ಚಕ್ರದ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರಿಗೆ ಬಿಗಿಯಿರಿ.

ಅಲಾಯ್ ವಿಚಾರ: ನಿಮ್ಮ ಗಾಡಿಯದು ಐದು ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 100 ಮಿಲಿಮೀಟರ್. ಸ್ಕೋಡಾದ ಮುಂದಿನ ಮಾದರಿ ಲೌರಾದ ಚಕ್ರ 112 ಮಿಲಿಮೀಟರಿನದು, ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಸ್ಪ್ರಿಂಗ್ ಇಳಿಸುವುದು ನಮ್ಮ ಊರಿಗೆ ಬೇಡ. ಎಂಜಿನ್ನಿನ ಎಣ್ಣೆ ತಟ್ಟೆ ಅಲ್ಯೂಮಿನಿಯಂನದು, ಒಂದು ಎತ್ತರದ ಹಂಪ್ ಸಾಕು ಅದನ್ನು ಸೀಳಲು. ಸವೆದ ಶಾಕ್ ಅಬ್ಸಾರ್ಬರ್ ಮತ್ತು ಬುಷ್ ಹೊಸದಾಗಿ ಹಾಕಿಸಿ, ಗಾಡಿ ತಿರುವಿನಲ್ಲಿ ಹೇಗೆ ಕೂರುತ್ತದೆ ನೋಡಿ. ಬಹಳಷ್ಟು ಜನರಿಗೆ ಬೇಕಾಗಿರುವ ಅಪ್‌ಗ್ರೇಡ್ ಇದೇ.

ಉತ್ತರ (ಹೊಳಲ್ಕೆರೆ)

ಕಾಗದದ ಕಡೆಯೂ ಗಮನವಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ನಿಮ್ಮದಕ್ಕೆ 2020ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಆಗಿರಬೇಕು. ಹಣ ಸುರಿಯುವ ಮೊದಲು ಅದನ್ನು ನೋಡಿಕೊಳ್ಳಿ.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆ. ದೋಷ ಓದಿಸಿದೆ, 17705 ಎಂದೇ ಬಂತು. ಸ್ಟ್ಯಾಂಡ್, ಡಾಟ್ 4 ತಂದಿದ್ದೇನೆ, ಬ್ರೇಕೇ ಮೊದಲು. ಇನ್ನೊಂದು ಸಂದೇಹ: ಕೂಲಂಟ್ ಡಬ್ಬಿಯಲ್ಲಿ ಗುಲಾಬಿ ಬಣ್ಣದ್ದು ಕಡಿಮೆಯಾಗಿದೆ. ಅಂಗಡಿಯವರು ಹಸಿರು ಕೊಟ್ಟಿದ್ದಾರೆ, ಸೇರಿಸಬಹುದೇ?

ಉತ್ತರ (ಚಿತ್ರದುರ್ಗ)

ಬೇಡ. ಗುಲಾಬಿಯದು ಜಿ12 ಎಂಬ ಬಗೆಯದು, ಅದಕ್ಕೆ ಹಸಿರು ಬೆರೆತರೆ ಕಂದು ಕೆಸರಾಗಿ ಹೀಟರಿನ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ. ಸದ್ಯಕ್ಕೆ ಡಿಸ್ಟಿಲ್ಡ್ ನೀರು ಸ್ವಲ್ಪ ಹಾಕಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆಯಿರಿ. ಮತ್ತೆ ಕಡಿಮೆಯಾದರೆ ವಾಟರ್ ಪಂಪಿನ ಹತ್ತಿರ ಗುಲಾಬಿ ಕಲೆ ಇದೆಯೇ ನೋಡಿ ಫೋಟೊ ಹಾಕಿ.